ಕ್ಯಾಟೆಕಿನ್ ಹೆಸರಿನಲ್ಲೇ ಕಾಚು ಇದೆ. ಆದರೆ ಡಿಮೆನ್ಶಿಯಾಗೆ ‘ಮರೆವು’ ಸಾಕಾ?

ಗೆಳೆಯರೇ,

ಗ್ರೀನ್ ಟೀ ಮತ್ತು ಮೆದುಳಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೆರಡು ಪದಗಳು ಮುಂದಕ್ಕೆ ಬಿಡುತ್ತಿಲ್ಲ.

ಸುಲಭದ್ದು ಮೊದಲು. ಗ್ರೀನ್ ಟೀಗೆ ಒಗರು ಕೊಡುವುದು ಕ್ಯಾಟೆಕಿನ್‌ಗಳು. ಅವುಗಳಲ್ಲಿ ಜಾಸ್ತಿ ಇರುವುದು ಎಪಿಗ್ಯಾಲೊಕ್ಯಾಟೆಕಿನ್ ಗ್ಯಾಲೇಟ್, ಚಿಕ್ಕದಾಗಿ ಇಜಿಸಿಜಿ. ಕ್ಯಾಟೆಕಿನ್‌ಗೆ ಕನ್ನಡ ಪದ ಕಟ್ಟೋಣ ಅಂತ ಹೊರಟವನು ನಿಘಂಟು ತೆಗೆದು ನಕ್ಕುಬಿಟ್ಟೆ. ಆ ಹೆಸರು ಬಂದಿರುವುದೇ ‘ಕ್ಯಾಟೆಚು’ವಿನಿಂದ. ಕ್ಯಾಟೆಚು ಅಂದರೆ ನಮ್ಮ ಕಾಚು! ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆಯುತ್ತಾರಲ್ಲ, ಅದೇ. ಹಾಗಾಗಿ ಕ್ಯಾಟೆಕಿನ್ ಹಾಗೇ ಇರಲಿ, ಅದು ಅರ್ಧ ನೆಂಟನೇ.

ತೊಡಕು ಇರುವುದು ಡಿಮೆನ್ಶಿಯಾದಲ್ಲಿ. ಮೊದಲು ‘ಮರೆವು’ ಅಂತ ಬರೆದೆ. ಅಮ್ಮ ಓದಿ, ‘ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕ್ತೀನಲ್ಲ, ಅದಕ್ಕೂ ಇದೇ ಮದ್ದಾ?’ ಅಂದರು. ಅಲ್ಲೇ ಎಡವಿದ್ದು ಗೊತ್ತಾಯಿತು. ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆವು. ಕನ್ನಡಕ ಯಾಕೆ ಬೇಕು ಅನ್ನುವುದೇ ತಿಳಿಯದಿದ್ದರೆ ಅದು ಬೇರೆಯೇ. ‘ಅರಳುಮರಳು’ ಕಿವಿಗೆ ಹಿತ, ಆದರೆ ‘ಅರವತ್ತಕ್ಕೆ ಅರಳುಮರಳು’ ಅಂದಕೂಡಲೇ ವಯಸ್ಸಾದರೆ ಇದು ಸಹಜ ಅನ್ನಿಸಿಬಿಡುತ್ತದೆ. ಡಿಮೆನ್ಶಿಯಾ ಹಾಗಲ್ಲ, ಮೆದುಳಿನ ಕಾಯಿಲೆಗಳಿಂದ ಬರುವಂಥದ್ದು. ಮೇಲಾಗಿ ಆ ಮಾತಿನಲ್ಲಿ ಸ್ವಲ್ಪ ಗೇಲಿಯೂ ಇದೆ, ಅಲ್ವಾ? ‘ಮರೆಗುಳಿ ಕಾಯಿಲೆ’ ಅನ್ನೋಣವೆಂದರೆ ಆ ‘ಗುಳಿ’ ಚುಚ್ಚುತ್ತದೆ. ಲಂಚಗುಳಿ, ಮರೆಗುಳಿ: ತಪ್ಪು ಆ ಮನುಷ್ಯನದೇ ಅನ್ನುವ ಹಾಗೆ. ‘ಬುದ್ಧಿಮಾಂದ್ಯ’ವಂತೂ ಬೇಡವೇ ಬೇಡ, ಅದರ ಅರ್ಥವೇ ಬೇರೆ. ಸದ್ಯಕ್ಕೆ ‘ನೆನಪಳಿಕೆ’ ಅಂತ ಇಟ್ಟಿದ್ದೇನೆ. ಆದರೆ ಈ ಕಾಯಿಲೆಯಲ್ಲಿ ಅಳಿಯುವುದು ನೆನಪೊಂದೇ ಅಲ್ಲ. ಮಾತು, ಲೆಕ್ಕ, ದಾರಿ ಎಲ್ಲವೂ ತಪ್ಪುತ್ತವೆ.

ಇನ್ನೊಂದು, ‘ಕಾಪಾಡು’. ಮೂಲದಲ್ಲಿ ಇಜಿಸಿಜಿ ನರಕೋಶಗಳನ್ನು ಕಾಪಾಡುತ್ತದೆ ಎಂದಿದೆ. ಡಿಮೆನ್ಶಿಯಾ ತರುವ ಕಾಯಿಲೆಗಳಲ್ಲಿ ಮುಖ್ಯವಾದ ಆಲ್ಝೈಮರ್‌ನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಮೆದುಳಿನಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಇಜಿಸಿಜಿ ಅದಕ್ಕೆ ಅಂಟಿಕೊಂಡು, ಹಾಗೆ ಗಂಟು ಕಟ್ಟದಂತೆ ಮಾಡುವುದು ಪ್ರಯೋಗದ ಗಾಜಿನ ಕೊಳವೆಯಲ್ಲಿ ಕಂಡಿದೆ. ಇಲಿಗಳಲ್ಲೂ ಒಳ್ಳೆಯ ಸೂಚನೆಗಳಿವೆ. ಆದರೆ ಟೀ ಕುಡಿದ ಮನುಷ್ಯರಿಗೆ ಡಿಮೆನ್ಶಿಯಾ ಬರದಂತೆ ತಡೆಯುತ್ತದೆ ಅನ್ನುವುದು ಸಾಬೀತಾಗಿಲ್ಲ. ‘ಕಾಪಾಡುತ್ತದೆ’ ಅಂದರೆ ಓದುಗರು ಸುಮ್ನೆ ನಂಬಿಬಿಡುತ್ತಾರೆ. ‘ಕಾಪಾಡಬಹುದು’ ಅಂದರೂ ಕನ್ನಡದಲ್ಲಿ ಅರ್ಧ ಭರವಸೆ ಕೊಟ್ಟ ಹಾಗೆಯೇ. ‘ಪೆಟ್ಟು ತಗ್ಗಿಸೀತು’ ಅಂತ ಆ ಹಳೆಯ ‘ಈತು’ ರೂಪ ಬಳಸಿದರೆ ಅನುಮಾನ ಸರಿಯಾಗಿ ದಾಟುತ್ತದೆಯೇ? ಅಥವಾ ಇವತ್ತಿನ ಓದುಗರಿಗೆ ಅದು ಪಂಚಾಂಗದ ಮಾತಿನಂತೆ ಕೇಳಿಸುತ್ತದೆಯೇ?