ಸ್ಟೇರ್‌ಕೇಸ್ ಮೇಲೆ ಸ್ಕೈಲೈಟ್ ಹಾಕಿಸ್ತಾ ಇದೀವಿ, ಸೋರದ ಹಾಗೆ ಮಾಡ್ಸೋದು ಹೇಗೆ?

ತುಮಕೂರು_ಹೊಸಮನೆ

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ 30×40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀವಿ, ಗ್ರೌಂಡ್ ಪ್ಲಸ್ ಒಂದು. ಎರಡೂ ಪಕ್ಕ ಬೇರೆಯವ್ರ ಗೋಡೆ ಅಂಟ್ಕೊಂಡೇ ಇದೆ, ಕಿಟಕಿ ಇಡೋ ಹಾಗಿಲ್ಲ, ಮಧ್ಯದಲ್ಲಿ ಬರೋ ಮೆಟ್ಟಿಲು, ಡೈನಿಂಗ್ ಎರಡೂ ಹಗಲಲ್ಲೇ ಲೈಟ್ ಹಾಕ್ಬೇಕಾದಷ್ಟು ಕತ್ತಲು. ಅದಕ್ಕೆ ಮೇಲಿನ ಸ್ಲ್ಯಾಬಲ್ಲಿ 4 ಅಡಿ × 6 ಅಡಿ ಕಟೌಟ್ ಬಿಡ್ಸಿದೀವಿ.

ಫ್ಯಾಬ್ರಿಕೇಟರ್ ಬಂದು ನೋಡಿ "ಏನಿಲ್ಲ ಮೇಡಂ, ಎಂಎಸ್ (ಕಬ್ಬಿಣದ) ಫ್ರೇಮ್ ಕೂರ್ಸಿ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕಿ ಸುತ್ತ ಸಂದಿಗೆ ಸಿಲಿಕಾನ್ ಅಂಟು ಹೊಡೆದ್ರೆ ಮುಗೀತು, ಒಂದೇ ದಿನದ ಕೆಲಸ" ಅಂದ. ನಮ್ಮ ಯಜಮಾನ್ರು ಗ್ಲಾಸೇ ಆಗ್ಬೇಕು ಅಂತಾರೆ. ಅತ್ತೆ ಅಂತೂ ತಾರ್ಸೀಲಿ ತೂತು ಬಿಟ್ರೆ ಮಳೆಗಾಲದಲ್ಲಿ ಬಕೆಟ್ ಇಟ್ಕೊಂಡು ಕೂರ್ಬೇಕು, ಮುಚ್ಚಿಸ್ಬಿಡಿ ಅಂತ ದಿನಾ ಹೇಳ್ತಾರೆ. ನಮ್ಮ ಬೀದಿಲೇ ಸ್ಕೈಲೈಟ್ ಹಾಕ್ಸಿದೋರ ಮನೇಲಿ ಈಗ ಮೇಲೆ ಟಾರ್ಪಾಲ್ ಕಟ್ಟಿರೋದು ನೋಡಿ ನನಗೂ ಭಯ ಶುರುವಾಗಿದೆ. ಗ್ಲಾಸಾ, ಶೀಟಾ? ಎಲ್ಲೆಲ್ಲಿ ಎಡವಟ್ಟಾಗುತ್ತೆ? ತಿಳಿದೋರು ಸ್ವಲ್ಪ ಹೇಳಿ.

ಹಾಸನ_ಸೈಟ್_ಇಂಜಿನಿಯರ್

ಮೇಡಂ, ಗ್ಲಾಸಾ ಶೀಟಾ ಅನ್ನೋದು ಆಮೇಲಿನ ಮಾತು. ನೀರು ಗ್ಲಾಸ್ ತೂರ್ಕೊಂಡು ಬರಲ್ಲ, ಶೀಟ್ ತೂರ್ಕೊಂಡೂ ಬರಲ್ಲ, ಬರೋದು ಕಾಂಕ್ರೀಟಿಗೂ ಫ್ರೇಮಿಗೂ ನಡುವಿನ ಜಾಯಿಂಟಲ್ಲಿ. ಆ ಜಾಗಾನ ಬರೀ ಸಿಲಿಕಾನ್ ನಂಬ್ಕೊಂಡು ಮಾಡಿದ್ರೆ ಎರಡು ಮೂರು ಬೇಸಿಗೆ ಆದ್ಮೇಲೆ ಅದು ಬಿಸಿಲಿಗೆ ಎದ್ದು ಬರುತ್ತೆ, ಆಮೇಲೆ ಟಾರ್ಪಾಲೇ ಗತಿ. ಸಿಲಿಕಾನ್ ಇಲ್ದೇನೂ ನೀರು ಒಳಗೆ ಬರಬಾರ್ದು, ಕೆಲಸ ಹಾಗಿರ್ಬೇಕು.

ಮೊದ್ಲು ಕಟೌಟ್ ಸುತ್ತ ಕಟ್ಟೆ ಏಳಿಸ್ಬೇಕು. ಎಷ್ಟು ಎತ್ತರ ಅಂದ್ರೆ, ಕೋಬಾ (ನೀರು ಇಳೀದ ಹಾಗೆ ತಾರ್ಸಿ ಮೇಲೆ ಹಾಕೋ ಇಟ್ಟಿಗೆ ಚೂರು, ಗಾರೆ ಪದರ), ಟೈಲ್ಸು ಎಲ್ಲಾ ಹಾಕಿ ಮುಗಿದ್ಮೇಲೆ ಇನ್ನೂ 6 ಇಂಚು ಕಾಣ್ಬೇಕು, 9 ಇದ್ರೆ ಇನ್ನೂ ಒಳ್ಳೇದು. ಎಲ್ರೂ ಎಡವೋದು ಇಲ್ಲೇ. ಬೋಳು ಸ್ಲ್ಯಾಬ್ ಮೇಲೆ 6 ಇಂಚು ಅಳತೆ ಹಿಡಿದು ಕಟ್ತಾರೆ, ಆಮೇಲೆ ಕೋಬಾ, ವಾಟ (ನೀರು ಹರಿಯೋ ಇಳಿಜಾರು) ಎಲ್ಲಾ ಸೇರಿ 4 ಇಂಚು ತಿಂದಾಕುತ್ತೆ, ಉಳಿಯೋದು ಎರಡೇ ಇಂಚು, ಜೋರು ಮಳೇಲಿ ತಾರ್ಸಿ ಪೈಪಿಗೆ ಒಂದು ಎಲೆ ಸಿಕ್ಕಾಕೊಂಡ್ರೆ ನೀರು ಕಟ್ಟೆ ಹತ್ತಿ ಸೀದಾ ಡೈನಿಂಗಿಗೆ ಇಳಿಯುತ್ತೆ.

ವಾಟರ್‌ಪ್ರೂಫಿಂಗ್ ಕೋಟಿಂಗು ತಾರ್ಸಿಯಿಂದ ಕಟ್ಟೆ ಮೇಲಕ್ಕೆ ಹತ್ತಿ ಅದರ ತಲೆ ಮೇಲೂ ಹೋಗಿ ಒಳಗಡೆಗೆ ಒಂದಿಂಚು ಇಳೀಬೇಕು. ಫ್ರೇಮ್ ಕೂರೋ ಮುಂಚೆನೇ ಇದು ಆಗ್ಬೇಕು, ಕೂತ್ಮೇಲೆ ಸುತ್ತ ಬ್ರಶ್ ಆಡ್ಸಿದ್ರೆ ಪ್ರಯೋಜನ ಇಲ್ಲ. ಫ್ಯಾಬ್ರಿಕೇಟರ್‌ಗಳು ಮೇಲಿಂದ ಡ್ರಿಲ್ ಹೊಡೆದು ಕಟ್ಟೆ ತಲೆಗೇ ಬೋಲ್ಟ್ ಇಳಿಸ್ತಾರೆ, ಅಂದ್ರೆ ನೀವು ದುಡ್ಡು ಕೊಟ್ಟು ಮಾಡ್ಸಿದ ಕೋಟಿಂಗಿಗೆ ಅವ್ರೇ ತೂತು ಹೊಡೆದ ಹಾಗೆ. ಬೋಲ್ಟ್ ಕಟ್ಟೆಯ ಪಕ್ಕದಿಂದ ಹಾಕ್ಸಿ. ಫ್ರೇಮೋ ಗ್ಲಾಸೋ ಕಟ್ಟೆಯಿಂದ ಆಚೆಗೆ ಎರಡಿಂಚು ಚಾಚಿರ್ಲಿ, ಡಬ್ಬದ ಮುಚ್ಚಳದ ಥರ ಮೇಲಿಂದ ಮುಚ್ಚಿ ಕೆಳಗಿಳೀಬೇಕು. ಮಟ್ಟಸವಾಗಿ ಇಡ್ಬೇಡಿ, 4 ಅಡಿಗೆ ಕನಿಷ್ಠ 4 ಇಂಚಾದ್ರೂ ವಾಟ ಕೊಡಿ, ಇಲ್ಲಾಂದ್ರೆ ನೀರು ನಿಂತು ಧೂಳು ಕೂತು ಪಾಚಿ ಕಟ್ಟುತ್ತೆ.

ಈಗ ಗ್ಲಾಸ್ ವಿಷಯ. ಬರೀ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗ್ಲಾಸ್ ತಲೆ ಮೇಲೆ ಹಾಕ್ಬಾರ್ದು. ಅದು ಒಡೆದ್ರೆ ಪೂರ್ತಿ ಪುಡಿಪುಡಿಯಾಗಿ ಕೆಳಗೆ ಸುರಿಯುತ್ತೆ, ಅಪರೂಪಕ್ಕೆ ಯಾರೂ ಮುಟ್ಟದೇನೂ ತಾನಾಗೇ ಒಡೆಯುತ್ತೆ. ಟಫನ್ಡ್ ಲ್ಯಾಮಿನೇಟೆಡ್ ಕೇಳಿ, 6 ಎಂಎಂ ಎರಡು ಗ್ಲಾಸ್, ಮಧ್ಯೆ 1.52 ಎಂಎಂ ಪಿವಿಬಿ ಅನ್ನೋ ಪ್ಲಾಸ್ಟಿಕ್ ಫಿಲ್ಮ್. ಒಡೆದ್ರೂ ಫಿಲ್ಮಿಗೆ ಅಂಟ್ಕೊಂಡು ಮೇಲೇ ನಿಲ್ಲುತ್ತೆ. ನಿಮ್ಮ 4×6 ಅಳತೆಗೇ ಗ್ಲಾಸ್ ಸುಮಾರು 70 ಕೆಜಿ ತೂಗುತ್ತೆ, ಕಟ್ಟೆ ದಾಟಿ ಚಾಚಿದ್ರೆ ಇನ್ನೂ ಜಾಸ್ತಿ, ಫ್ರೇಮ್ ಅದಕ್ಕೆ ತಕ್ಕ ಹಾಗಿರ್ಬೇಕು, ಗ್ಲಾಸಿಗೂ ಕಬ್ಬಿಣಕ್ಕೂ ಮಧ್ಯೆ ಇಪಿಡಿಎಂ ರಬ್ಬರ್ ಇರ್ಲೇಬೇಕು. ಸಿಲಿಕಾನ್ ತಗೊಳ್ಳುವಾಗ ನ್ಯೂಟ್ರಲ್ ಅಂತ ಬರ್ದಿರೋ ಟ್ಯೂಬ್ ನೋಡಿ ತಗೊಳ್ಳಿ. ವಿನೆಗರ್ ವಾಸನೆ ಬರೋ ಅಗ್ಗದ್ದು ಕಾಂಕ್ರೀಟಿಗೆ ಸರಿಯಾಗಿ ಹಿಡಿಯಲ್ಲ, ಕಬ್ಬಿಣಕ್ಕೆ ತುಕ್ಕು ಹಿಡ್ಸುತ್ತೆ, ಲ್ಯಾಮಿನೇಟೆಡ್ ಗ್ಲಾಸಿನ ಅಂಚನ್ನೂ ಕೆಡ್ಸುತ್ತೆ.

ಹುಬ್ಬಳ್ಳಿ_ಮಂದಿ

ಸಾಹೇಬ್ರು ನೀರಿಂದು ಬರೋಬ್ಬರಿ ಹೇಳ್ಯಾರ್ರಿ. ನಮ್ಮ ಕಡಿ ಹಳೇ ಮಾಳಗಿ ಮನಿಗೋಳಾಗೂ ಬೆಳಕಿಂಡಿ ಸುತ್ತ ಮಣ್ಣು ಏರಿಸಿ ಎತ್ತರ ಮಾಡೇ ಇರ್ತಿದ್ರು, ಮಳಿ ಬಂದ್ರ ಮ್ಯಾಲ ಏನರ ಮುಚ್ಚೂದು. ಆದ್ರ ಬಿಸಲಿಂದು ಯಾರೂ ಮಾತಾಡ್ಲಿಲ್ಲ, ಅದಕ್ಕ ಬರಿಯಾಕತ್ತೀನಿ.

ಇಂಟರ್ನೆಟ್ಟಿನ್ಯಾಗ ಓದಿ ಗ್ಲಾಸು ಉತ್ತರಕ್ಕ ಇಳಿಜಾರು ಮಾಡಿದ್ರ ಬಿಸಲು ಬರೂದಿಲ್ಲ ಅಂತ ಕುಂತೀರಿ ಮತ್ತ. ಅದು ಚಳಿ ದೇಶದವ್ರ ಲೆಕ್ಕ. ನಮ್ಮಲ್ಲೆ ಹಂಗಿಲ್ರೀ. ಬೆಂಗಳೂರು, ತುಮಕೂರು ಕಡಿ ಏಪ್ರಿಲ್ 24-25ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಕರೆಕ್ಟ್ ನೆತ್ತಿ ಮ್ಯಾಲ ಬರ್ತಾನ, ನಮ್ಮ ಹುಬ್ಬಳ್ಯಾಗ ಮೇ ಮೊದಲನೇ ವಾರ, ಅಲ್ಲಿಂದ ಆಗಸ್ಟ್ ತನಾ ಮಧ್ಯಾಹ್ನದ ಬಿಸಲು ಉತ್ತರದ ಕಡಿಂದನ ಬರೂದು. ಮಲಗಿಸಿದ ಗ್ಲಾಸು ಯಾ ದಿಕ್ಕಿಗೆ ವಾಲ್ಸಿದ್ರೂ ಬ್ಯಾಸಗ್ಯಾಗ ತಪ್ಪೂದಿಲ್ಲ.

ಅದಕ್ಕ ನನ್ನ ಕೇಳಿದ್ರ ಮ್ಯಾಲ ಗ್ಲಾಸ ಬ್ಯಾಡ್ರಿ ಅಕ್ಕಾರ. ಕಟೌಟ್ ನಾಕೂ ಮೂಲ್ಯಾಗ ಸಣ್ಣ ಕಂಬ ಏರ್ಸಿ, ಎರಡು ಅಡಿ ಮ್ಯಾಲ ಒಂದು ಪುಟ್ಟ ಸ್ಲ್ಯಾಬ್ ಹಾಕ್ರಿ, ಒಂದೊಂದು ಅಡಿ ಹೊರಗ ಚಾಚಲಿ. ಸುತ್ತ ನಿಂತ ಕಿಟಕಿ ಬರ್ತಾವು. ಬೆಳಕು ಸ್ವಲ್ಪ ಕಮ್ಮಿ ಆಗ್ತೈತಿ, ಖರೇ, ಆದ್ರ ಸೋರೂದಿಲ್ಲ, ಆಲಿಕಲ್ಲು ಬಿದ್ರ ಚಿಂತಿಲ್ಲ, ಎರಡು ಕಿಟಕಿಗೆ ಲೂವರ್ (ಗಾಳಿ ಆಡೂ ಓರೆ ಪಟ್ಟಿ) ಹಾಕ್ಸಿ ಸೊಳ್ಳಿ ಜಾಳಗಿ ಬಡದ್ರ ಒಳಗಿನ ಬಿಸಿ ಗಾಳಿ ಎಲ್ಲಾ ಅಲ್ಲಿಂದ ಹೊಂಟ್ಹೋಗ್ತೈತಿ. ಪೂರಾ ಮುಚ್ಚಿದ ಗ್ಲಾಸಾದ್ರ ಮ್ಯಾಲಿನ ಮಹಡ್ಯಾಗ ಮೇ ತಿಂಗಳು ಕುಂದ್ರಾಕ ಆಗಂಗಿಲ್ಲ.

ಕೊಪ್ಪ_ತೋಟದಮನೆ

ನಮ್ಮದು ಹೆಂಚಿನ ಮನೆ, ಗಾಜಿನ ಹೆಂಚು ಹಾಕಿದ್ರೆ ಕೆಲಸ ಆಯ್ತು, ಅಡುಗೆಮನೆಗೆ ನಾಲ್ಕು ಸಾಕು, ಇಷ್ಟೆಲ್ಲ ರಗಳೆ ಇಲ್ಲ. ಆದ್ರೆ ಹೊಸ ಮನೆ ಕಟ್ಟಿದ ನೆಂಟರಿಷ್ಟರು ಎಲ್ಲ ಪಾಲಿಕಾರ್ಬೊನೇಟ್ ಹಾಕ್ಸಿರೋದ್ರಿಂದ ಎರಡು ಮಾತು.

ಶೀಟಿಗೆ ಒಂದೇ ಮಗ್ಗುಲಲ್ಲಿ ಯುವಿ ಕೋಟಿಂಗ್ ಇರೋದು (ಎರಡೂ ಕಡೆ ಇರೋದೂ ಬರುತ್ತೆ, ಅಂಗಡೀಲಿ ಕೇಳ್ಬೇಕು). ಆ ಮಗ್ಗುಲು ಆಕಾಶಕ್ಕೆ ಬರ್ಬೇಕು. ಯಾವುದು ಅಂತ ಮೇಲೆ ಅಂಟಿಸಿರೋ ಪ್ಲಾಸ್ಟಿಕ್ ಮೇಲೇ ಪ್ರಿಂಟ್ ಇರುತ್ತೆ, ಕೆಲಸದ ಹುಡುಗ್ರು ಮೊದ್ಲು ಅದನ್ನೇ ಕಿತ್ತೆಸೀತಾರೆ, ಆಮೇಲೆ ದೇವ್ರಿಗೂ ಗೊತ್ತಾಗಲ್ಲ. ಕೀಳೋ ಮುಂಚೆ ಮೂಲೇಲಿ ಮಾರ್ಕರಲ್ಲಿ ಗುರುತು ಹಾಕಿ. ಉಲ್ಟಾ ಕೂರ್ಸಿದ್ರೆ ಕೆಲವೇ ವರ್ಷಕ್ಕೆ ಹಳದಿ ತಿರುಗಿ ಬಿರುಕು ಬಿಡುತ್ತೆ. ಸ್ಕ್ರೂ ತೂತು ಸ್ಕ್ರೂಗಿಂತ ದೊಡ್ಡದಿರ್ಬೇಕು, ಬಿಸಿಲಿಗೆ 3 ಮೀಟರ್ ಶೀಟು 7-8 ಎಂಎಂ ಹಿಗ್ಗುತ್ತೆ, ಜಾಗ ಇಲ್ಲಾಂದ್ರೆ ಟಕ್ ಟಕ್ ಅಂತ ಸದ್ದು ಮಾಡ್ಕೊಂಡು ತೂತಿನ ಹತ್ರಾನೇ ಸೀಳುತ್ತೆ. ಒಳಗೆ ಟೊಳ್ಳಿರೋ ಶೀಟಾದ್ರೆ ಗೆರೆಗಳು ನೀರು ಇಳಿಯೋ ಕಡೆಗೇ ಇರ್ಲಿ, ಅಡ್ಡಕ್ಕೆ ಹಾಕಿದ್ರೆ ಒಳಗೆ ನೀರು ನಿಂತು ಹಸಿರು ಪಾಚಿ ಬೆಳೆಯುತ್ತೆ.

ಇನ್ನೊಂದು, ಮಳೆಗಾಲದಲ್ಲಿ ಕೆಳಗೆ ಹನಿ ಬಿತ್ತು ಅಂದ ಕೂಡ್ಲೇ ಸೋರ್ತಿದೆ ಅಂತ ಗಲಾಟೆ ಮಾಡ್ಬೇಡಿ. ಮನೆ ಒಳಗಿನ ಹಬೆ ತಣ್ಣಗಿರೋ ಗಾಜಿಗೋ ಕಬ್ಬಿಣಕ್ಕೋ ತಾಗಿ ಬೆವರೋದೂ ಉಂಟು. ಗಾಜಿನ ತುಂಬಾ ಸಣ್ಣ ಹನಿ ಕೂತಿದ್ರೆ ಅದು ಬೆವರು, ಒಂದೇ ಮೂಲೆಯಿಂದ ಇಳೀತಿದ್ರೆ ಸೋರಿಕೆ. ಕೆಳಗೊಂದು ಗ್ರಿಲ್ ಮರೀಬೇಡಿ, ಕಳ್ಳರಿಗೂ ಆಯ್ತು, ಕೋತಿಗೂ ಆಯ್ತು. ನಮ್ಮೂರ ಕೋತಿಗಳು ಶೀಟ್ ಮೇಲೆ ಕುಣಿಯೋಕೇ ಬರ್ತಾವೆ.

ತುಮಕೂರು_ಹೊಸಮನೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಯವ್ರು ಹೇಳಿದ್ದು ಅತ್ತೆಗೆ ಓದಿ ಹೇಳ್ದೆ, "ಅದೇ ಸರಿ" ಅಂದ್ರು, ಅಷ್ಟೇ ಸಾಕು ನನಗೆ. ಆದ್ರೆ ಇವ್ರು ಇನ್ನೂ ಗ್ಲಾಸ್ ಬಿಟ್ಟಿಲ್ಲ. ಈಗ ಪ್ರಶ್ನೆ ಏನಂದ್ರೆ ಮೇಸ್ತ್ರಿ ಈಗಾಗ್ಲೇ ಕಟೌಟ್ ಸುತ್ತ ಇಟ್ಟಿಗೇಲಿ 6 ಇಂಚು ಕಟ್ಟೆ ಕಟ್ಬಿಟ್ಟಿದಾನೆ, ಕೋಬಾ ಇನ್ನೂ ಆಗಿಲ್ಲ. ಅದರ ಮೇಲೇ ಇನ್ನೊಂದು ವರಸೆ ಇಟ್ಟಿಗೆ ಇಟ್ರೆ ನಡಿಯುತ್ತಾ, ಒಡೆಸ್ಬೇಕಾ?

ಹಾಸನ_ಸೈಟ್_ಇಂಜಿನಿಯರ್

ಒಡೆಸಿ ಮೇಡಂ. ಇಟ್ಟಿಗೆಗೂ ಸ್ಲ್ಯಾಬಿಗೂ ಹೊಂದಾಣಿಕೆ ಆಗಲ್ಲ, ಬುಡದಲ್ಲೇ ಕೂದಲೆಳೆ ಬಿರುಕು ಬಿಡುತ್ತೆ, ನೀರಿಗೆ ಅಷ್ಟು ಸಾಕು. ಕೋಬಾ ಆಗಿಲ್ವಲ್ಲ, ಈಗ ಒಡೆದ್ರೆ ಅರ್ಧ ದಿನದ ಕೂಲಿ. ಸ್ಲ್ಯಾಬಲ್ಲಿ ಡ್ರಿಲ್ ಹಾಕಿ 8 ಎಂಎಂ ಕಂಬಿ ತುಂಡುಗಳನ್ನ ಕೆಮಿಕಲ್ ಹಾಕಿ ನಿಲ್ಸಿ, ಹಳೇ ಕಾಂಕ್ರೀಟ್ ಮೇಲ್ಮೈ ಕೆತ್ತಿ ಒರಟು ಮಾಡಿ, ಬಾಂಡಿಂಗ್ ಏಜೆಂಟ್ ಹಚ್ಚಿ ನಾಲ್ಕಿಂಚು ದಪ್ಪ, ಒಂದಡಿ ಎತ್ತರ ಕಾಂಕ್ರೀಟ್ ಕಟ್ಟೆ ಹಾಕ್ಸಿ. ಯಜಮಾನ್ರ ಗ್ಲಾಸಾಗ್ಲಿ ಹುಬ್ಬಳ್ಳಿಯವ್ರ ಕಿಟಕಿಯಾಗ್ಲಿ, ಎರಡಕ್ಕೂ ಈ ಕಟ್ಟೆ ಬೇಕೇ ಬೇಕು. ಮೇಲೆ ಪುಟ್ಟ ಸ್ಲ್ಯಾಬ್ ಮಾಡೋದಾದ್ರೆ ಮೂಲೆ ಕಂಬದ ಕಂಬಿ ಈಗ್ಲೇ ಬಿಡ್ಬೇಕು, ನಿಮ್ಮ ಇಂಜಿನಿಯರಿಗೆ ಒಂದು ಫೋನ್ ಮಾಡಿ.

ರಾಜಾಜಿನಗರ_ಹಳೇಮನೆ

ಮಧ್ಯ ಬಾಯಿ ಹಾಕ್ತಿದೀನಿ ಸಾರಿ. ನಮ್ಮದು ಹಳೇ ಮನೆ, ಕಟೌಟೇ ಬಿಟ್ಟಿಲ್ಲ. ಈಗ ಸ್ಲ್ಯಾಬ್ ಕುಯ್ಸಿ ಸ್ಕೈಲೈಟ್ ಹಾಕಿಸ್ಬಹುದಾ? ಒಬ್ಬ ಬ್ರೇಕರ್ ತಂದು ಒಂದು ದಿನದಲ್ಲಿ ಒಡೆದು ಕೊಡ್ತೀನಿ ಅಂತಾನೆ.

ಹಾಸನ_ಸೈಟ್_ಇಂಜಿನಿಯರ್

ಅವ್ನನ್ನ ಮನೆಗೆ ಸೇರಿಸ್ಬೇಡಿ ಸರ್. ಬ್ರೇಕರ್ ಹೊಡೆತಕ್ಕೆ ಕಟೌಟ್ ಸುತ್ತ ಕಾಣದ ಬಿರುಕು ಓಡುತ್ತೆ, ಕಂಬಿನೂ ಎಲ್ಲೆಂದ್ರಲ್ಲಿ ಕತ್ತರಿಸಿ ಹೋಗಿರ್ತಾನೆ. ಸ್ಲ್ಯಾಬಿನ ಮುಖ್ಯ ಕಂಬಿ ಯಾವ ಕಡೆ ಓಡ್ತಿದೆ, ಬೀಮ್ ಎಲ್ಲಿದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಹೇಳ್ಬೇಕು, ಕುಯ್ಯೋ ಜಾಗದ ಅಂಚಿಗೆ ಕೆಳಗಿಂದ ಸ್ಟೀಲ್ ಬೀಮ್ ಬೇಕಾಗ್ಬಹುದು. ಕುಯ್ಯೋದಾದ್ರೆ ಕೆಳಗೆ ಜಾಕಿ (ಆಧಾರದ ಕಂಬ) ಕೊಟ್ಟು ಡೈಮಂಡ್ ಬ್ಲೇಡ್ ಮೆಷಿನಲ್ಲಿ. ದೊಡ್ಡ ಕಟೌಟ್ ಬೇಡ ಅನ್ಸಿದ್ರೆ ಇಂಜಿನಿಯರ್‌ನ ಕೇಳಿ, ಕಂಬಿ ಆದಷ್ಟು ತಪ್ಪಿಸಿ ಕೋರ್ ಕಟಿಂಗಲ್ಲಿ (ಕೊರೆಯೋ ಮೆಷಿನಲ್ಲಿ) 6 ಇಂಚಿನ ಎರಡು ಮೂರು ರೌಂಡ್ ತೂತು ಕೊರ್ಸಿ, ಅದಕ್ಕೂ ಕಟ್ಟೆ, ಗ್ಲಾಸ್ ಎಲ್ಲಾ ಇದೇ ಲೆಕ್ಕ. ಕತ್ತಲು ಪ್ಯಾಸೇಜಿಗೆ ಅಷ್ಟು ಬೆಳಕು ಸಾಕಾಗುತ್ತೆ. ನಿಮ್ಮ ಮನೆ ಪ್ಲಾನಿಂದೊಂದು ಫೋಟೋ ಹಾಕಿ, ಬೀಮ್ ಎಲ್ಲೆಲ್ಲಿ ಇರ್ಬಹುದು ನೋಡೋಣ.