ಮಾರ್ಟಿನಿ-ಹೆನ್ರಿ ತೋಟಾ: ಮದ್ದಿನ ಮೇಲೆ ಜಾಗ ಉಳಿದರೆ ಏನು ಮಾಡೋದು?

ಹಳೇತೋಟಾ
ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ಸೇನೆಯ ಹಳೇ ಕೋವಿ ಮಾರ್ಟಿನಿ-ಹೆನ್ರಿಗೆ ನಾನೇ ಕರಿಮದ್ದಿನ ತೋಟಾ ತುಂಬಲು ಶುರು ಮಾಡಿದ್ದೇನೆ. ಲೈಸೆನ್ಸ್ ಇದೆ, ಕೋವಿಯನ್ನು ಬಲ್ಲವರಿಗೆ ತೋರಿಸಿಯೂ ಆಗಿದೆ, ಅದರ ಚರ್ಚೆ ಬೇಡ. ಸೇನೆಯ ಹಳೇ ಲೆಕ್ಕ 85 ಗ್ರೇನ್ (ಮದ್ದು-ಗುಂಡಿನ ತೂಕದ ಅಳತೆ) ಮದ್ದು, 480 ಗ್ರೇನ್ ಗುಂಡು. ನನ್ನ ಹಿತ್ತಾಳೆ ಕೇಸಿಗೆ ಅಷ್ಟು ಸುರಿದರೂ ಮೇಲೆ ಜಾಗ ಉಳಿಯುತ್ತದೆ, ಭುಜ ಉಳಿಸಿಕೊಳ್ಳೋಣ ಅಂತ ಮದ್ದು ಕಡಿಮೆ ಮಾಡಿದರೆ ಇನ್ನೂ ಜಾಸ್ತಿ ಖಾಲಿ. ಹಾಗೇ ಬಿಡಬಹುದಾ? ಇನ್ನೊಂದು, ಮೊದಲ ಕೆಲವು ಈಡು ಒಂದೇ ಕಡೆ ಬೀಳುತ್ತವೆ, ಆಮೇಲೆ ದಿಕ್ಕಾಪಾಲು. ಹೊಗೆ ಬಾರದ ಮದ್ದು ಸ್ವಲ್ಪ ಹಾಕಿದರೆ ಎರಡೂ ತೊಂದರೆ ತಪ್ಪುತ್ತವೆ ಅಂತ ಒಬ್ಬರು ಹೇಳಿದರು. ನಿಜವಾ?

ಮಸಿನಳಿಗೆ
ಜಾಗ ಬಿಡಲೇಬೇಡಿ. ಕರಿಮದ್ದಿಗೂ ಗುಂಡಿನ ಬುಡಕ್ಕೂ ನಡುವೆ ಗಾಳಿ ಇದ್ದರೆ ನಳಿಗೆಯಲ್ಲಿ ಉಂಗುರದ ಹಾಗೆ ಉಬ್ಬು ಬೀಳಬಹುದು. ಒಂದು ಸಲ ಬಿದ್ದರೆ ನಳಿಗೆ ಕೆಟ್ಟಂತೆಯೇ. ಹಳೇ ತೋಟಾದಲ್ಲೂ ಖಾಲಿ ಜಾಗ ಇರಲಿಲ್ಲ, ಮದ್ದಿನ ಮೇಲೆ ರಟ್ಟಿನ ಬಿಲ್ಲೆ, ಜೇನುಮೇಣದ ಬಿಲ್ಲೆ ಎಲ್ಲ ಪೇರಿಸುತ್ತಿದ್ದರು. ನೀವೂ ಹಾಗೇ ಮಾಡಿ, ಉಳಿದ ಜಾಗಕ್ಕೆ ಬೂರುಗದ ಹತ್ತಿ ಸಡಿಲವಾಗಿ ತುಂಬಿ, ಅಲ್ಲಾಡಿಸಿದರೆ ಮದ್ದು ಸರಿಯಬಾರದು ಅಷ್ಟೇ. ಕೆಲವರು ಜೋಳದ ರವೆ ಹಾಕುತ್ತಾರೆ. ನೇರ ಕೇಸಿಗೆ ಪರವಾಗಿಲ್ಲ, ಆದರೆ ನಿಮ್ಮ .577/450 ಕತ್ತು ಕಿರಿದಾಗುವ ಕೇಸು, ಅಲ್ಲಿ ಕಾಳು ಕಟ್ಟಿಕೊಂಡು ಒತ್ತಡ ಏರಬಹುದು ಅನ್ನುವ ವಾದ ಇದೆ. ಹತ್ತಿ ಇರುವಾಗ ಆ ರಗಳೆ ಯಾಕೆ?

.45-70 ಅನ್ನುವ ಅಮೆರಿಕದ ಹಳೇ ತೋಟಾದಲ್ಲಿ ಇದಕ್ಕೆ ಉಲ್ಟಾ. ಈಗಿನ ಕೇಸಿನ ಬುಡ ದಪ್ಪ, ಒಳಗೆ ಜಾಗ ಕಡಿಮೆ, 70 ಗ್ರೇನ್ ಕೂರಿಸಲು ಉದ್ದ ಕೊಳವೆಯಲ್ಲಿ ನಿಧಾನ ಸುರಿದು ಆಮೇಲೆ ಒತ್ತಬೇಕು. ಒತ್ತುವುದಕ್ಕೆ ಬೇರೆ ಡೈ (ಅಚ್ಚು) ಇದೆ. ಗುಂಡಿನಿಂದಲೇ ಒತ್ತಿದರೆ ಮೆತ್ತನೆ ಸೀಸ ಚಪ್ಪಟೆಯಾಗುತ್ತದೆ.

ಏಳುಚರಿ
ಹೊಗೆ ಬಾರದ ಮದ್ದಿನ ಸಲಹೆ ಕೊಟ್ಟವರಿಂದ ದೂರ ಇರಿ ಸರ್. ಅಷ್ಟು ದೊಡ್ಡ ಕೇಸಿನಲ್ಲಿ ಆ ಮದ್ದು ತಳದಲ್ಲಿ ಒಂದಿಷ್ಟು ಕಾಣುತ್ತದೆ, ಮೈಮರೆತು ಎರಡು ಸಲ ಸುರಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. 1871ರಲ್ಲಿ ಸೇನೆಗೆ ಬಂದ ಕೋವಿಯ ಉಕ್ಕನ್ನು ಅಂಥ ಒತ್ತಡಕ್ಕೆ ಮಾಡಿಲ್ಲ. ಹೊಸ ಮದ್ದಿಗೆ ಹಳೇ ನಳಿಗೆ ಒಗ್ಗದ ಕಥೆ ಲೀ-ಮೆಟ್‌ಫೋರ್ಡ್‌ನದ್ದೂ ಹೌದು. 1888ರಲ್ಲಿ ಕರಿಮದ್ದಿನ .303 ತೋಟಾದ ಜೊತೆ ಬಂತು, ಮಸಿ ಕಟ್ಟಬಾರದು ಅಂತ ಅದರ ಚರಿಗಳನ್ನು (ಗುಂಡು ತಿರುಗಲೆಂದು ನಳಿಗೆಯೊಳಗೆ ಕೊರೆಯುವ ಗೀರುಗಳು) ಆಳವಿಲ್ಲದಂತೆ ಕೊರೆದಿದ್ದರು, ಕಾರ್ಡೈಟ್ ಅನ್ನುವ ಹೊಗೆ ಬಾರದ ಮದ್ದು ಬಂದ ಮೇಲೆ ಅದರ ಬಿಸಿಗೆ ಅವು ಬೇಗ ಸವೆದು ಹೋದವು. ಕೊನೆಗೆ 1895ರಲ್ಲಿ ಹೆಚ್ಚು ಆಳದ ಎನ್‌ಫೀಲ್ಡ್ ಚರಿಗೆ ಹೋದರು.

ದಿಕ್ಕಾಪಾಲಾಗುವುದಕ್ಕೆ ನನ್ನ ಅನುಮಾನ ಮಸಿಯ ಮೇಲೆ. ಕರಿಮದ್ದು ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಒಣ ಹವೆಯಲ್ಲಿ ಅದು ನಳಿಗೆಯೊಳಗೆ ಗಾರೆ ಹಿಡಿದ ಹಾಗೆ ಹಿಡಿಯುತ್ತದೆ. ಗುಂಡಿಗೆ ಏನು ಹಚ್ಚುತ್ತಿದ್ದೀರಿ?

ಹಳೇತೋಟಾ
ಹತ್ತಿ, ಬಿಲ್ಲೆ ಎರಡೂ ಹಾಕುತ್ತೇನೆ, ಥ್ಯಾಂಕ್ಸ್. ಗುಂಡಿಗೆ ಈಗ ಗಾಡಿಗೆ ಹಾಕುವ ಗ್ರೀಸು.

ಏಳುಚರಿ
ಅಲ್ಲೇ ಇದೆ ನೋಡಿ! ಪೆಟ್ರೋಲಿಯಂ ಗ್ರೀಸು ಮಸಿ ಜೊತೆ ಸೇರಿ ಟಾರಿನಂತೆ ಅಂಟಿಕೊಳ್ಳುತ್ತದೆ. ಜೇನುಮೇಣಕ್ಕೆ ಕುರಿಕೊಬ್ಬನ್ನೋ ಅಡುಗೆ ಎಣ್ಣೆಯನ್ನೋ ಕರಗಿಸಿ ಬೆರೆಸಿ. ಸೆಕೆ ಇದ್ದರೆ ಮೇಣ ಸ್ವಲ್ಪ ಮುಂದಿರಲಿ. ಕರಗಿಸುವ ಒಲೆ ಮಾತ್ರ ಮದ್ದು ಇರುವ ಕೋಣೆಯಲ್ಲಿ ಬೇಡ. ಮೇಣದ ಬಿಲ್ಲೆಯ ಕೆಳಗೆ ರಟ್ಟು ತಪ್ಪಿಸಬೇಡಿ, ಇಲ್ಲದಿದ್ದರೆ ಜಿಡ್ಡು ಮದ್ದಿಗೆ ಇಳಿಯುತ್ತದೆ. ಅಷ್ಟಾದರೂ ಕೆಲವು ಈಡಿಗೊಮ್ಮೆ, ತೋಟಾ ಒಳಗಿಲ್ಲ ಅಂತ ನೋಡಿಕೊಂಡು, ಒದ್ದೆ ಬಟ್ಟೆ ಎಳೆದುಬಿಡಿ.

ಮಸಿನಳಿಗೆ
ಗುಂಡಿನ ಅಳತೆಯನ್ನೂ ನೋಡಿ. ಹೆಸರಿಗೆ .450, ಚರಿಯ ಆಳ ಸೇರಿಸಿದರೆ ಅದಕ್ಕಿಂತ ಅಗಲ, ಅದೂ ಕೋವಿಯಿಂದ ಕೋವಿಗೆ ಬೇರೆ. ಮೆತ್ತನೆ ಸೀಸದ ತುಂಡೊಂದನ್ನು ನಳಿಗೆಯಲ್ಲಿ ತಳ್ಳಿ ಹೊರಗೆ ತೆಗೆದು ಅಳೆಯಿರಿ. ಚರಿ ಏಳು ಇರುವುದರಿಂದ ಎದುರುಬದುರು ಸಿಗುವುದಿಲ್ಲ, ಸಾದಾ ಕ್ಯಾಲಿಪರ್ ಇಟ್ಟರೆ ಕಡಿಮೆ ತೋರಿಸುತ್ತದೆ, ಹುಷಾರು. ಗುಂಡಿಗೆ 20 ಪಾಲು ಸೀಸಕ್ಕೆ 1 ಪಾಲು ತವರ ಸಾಕು.

ಖಾಲಿ ಕೇಸುಗಳನ್ನು ಅಲ್ಲೇ ಸೋಪಿನ ನೀರಿಗೆ ಹಾಕಿ, ಮನೆಗೆ ಹೋಗುವವರೆಗೂ ಕಾಯಬೇಡಿ. ನಳಿಗೆಗೂ ಮೊದಲು ನೀರೇ, ಆ ಮಸಿಯ ಉಪ್ಪು ಬರೀ ಎಣ್ಣೆಗೆ ಬಿಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಎಣ್ಣೆ ಹಚ್ಚಿ.