ಪದಚರ್ಚೆ: ‘ನಿಷ್ಕಾರಣ ವಜಾ’ ಎನ್ನಬೇಕೇ, ‘ಕಾರಣ ಕಾಣಿಸದ ವಜಾ’ ಎನ್ನಬೇಕೇ?

ಪ್ರಶ್ನೆ (ಅನುವಾದಕಿ, ಹಾಸನ)

ಬಳಗದವರಿಗೆ ನಮಸ್ಕಾರ. ಕಕ್ಷಿದಾರರಿಗೆ ಹಂಚುವ ಕಾನೂನು ನೆರವಿನ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯದ ತಲೆಬರಹ ‘ಮೇಲ್ಮನವಿಯನ್ನು ವಜಾ ಮಾಡುವಾಗ ನ್ಯಾಯಾಲಯವು ವಿವರವಾದ ಕಾರಣ ಕೊಡಲೇಬೇಕೇ?’ ಎಂಬುದು. ತಲೆಬರಹ ಸುಲಭವಾಗಿ ಬಂತು, ಒಳಗಿನ ಎರಡು ಮಾತುಗಳು ಬರುತ್ತಿಲ್ಲ. ಕಾರಣ ಬರೆಯದೆ ಹೊರಡಿಸಿದ ಆದೇಶವನ್ನು ವಕೀಲರು ‘ನಾನ್ ಸ್ಪೀಕಿಂಗ್ ಆರ್ಡರ್’ ಎನ್ನುವುದು ಒಂದು. ಎದುರುದಾರರಿಗೆ ನೋಟಿಸನ್ನೂ ಕಳುಹಿಸದೆ ಮೇಲ್ಮನವಿಯನ್ನು ‘ಸಮ್ಮರಿ’ಯಾಗಿ, ಅಂದರೆ ‘ಇನ್ ಲಿಮಿನೆ’, ವಜಾ ಮಾಡುವುದು ಇನ್ನೊಂದು.

ಹಳೆಯ ಕನ್ನಡ ಆವೃತ್ತಿಯಲ್ಲಿ ‘ಕಾರಣರಹಿತ ಆದೇಶ’, ‘ಸಂಕ್ಷಿಪ್ತ ವಜಾ’ ಎಂದಿದೆ. ಅದನ್ನು ನಮ್ಮ ಪಕ್ಕದ ಮನೆಯ ಹಿರಿಯರಿಗೆ ಓದಿಸಿದೆ. ಜಮೀನಿನ ದಾವೆಯಲ್ಲಿ ಮೂರು ಕೋರ್ಟು ಕಂಡವರು ಅವರು. ತೀರ್ಪಿನ ನಕಲುಗಳನ್ನು ಇಂದಿಗೂ ಗೊಬ್ಬರದ ಚೀಲದಿಂದ ಕತ್ತರಿಸಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ‘ಸಂಕ್ಷಿಪ್ತವಾಗಿ ವಜಾ ಅಂದ್ರೆ ಅರ್ಧ ವಜಾ ಆಗಿ ಇನ್ನರ್ಧ ಉಳಿದಿರುತ್ತೇನಮ್ಮಾ?’ ಎಂದು ಕೇಳಿದರು. ಅವರಿಗೆ ಅರ್ಥವಾಗುವ ಪದ ಬೇಕು, ವಕೀಲರು ಆಕ್ಷೇಪಿಸಲಾಗದ ಪದವೂ ಬೇಕು.

ಉತ್ತರ (ಮೈಸೂರು)

‘ಕಾರಣರಹಿತ’ಕ್ಕೆ ಏನು ಕೊರತೆ ಎಂಬುದು ನನಗೆ ತಿಳಿಯಲಿಲ್ಲ. ಇನ್ನೂ ಅಡಕವಾಗಿ ಬೇಕೆಂದರೆ ‘ಸಕಾರಣ’ಕ್ಕೆ ಎದುರಾಗಿ ‘ನಿಷ್ಕಾರಣ’ ಎಂಬ ಪದ ನಿಘಂಟಿನಲ್ಲೇ ಇದೆ. ‘ನಿಷ್ಕಾರಣ ಆದೇಶ’ ಎಂದು ಹಾಕಿ ಮುಗಿಸಿ. ಇದಕ್ಕೆಲ್ಲ ಚರ್ಚೆಯ ಅಗತ್ಯವಿಲ್ಲ.

ಉತ್ತರ (ನಿವೃತ್ತ ನ್ಯಾಯಾಲಯ ಭಾಷಾಂತರಕಾರ, ಧಾರವಾಡ)

ಮೈಸೂರಿನ ಮಹನೀಯರು ಹೇಳಿದಂತೆ ಅಚ್ಚು ಹಾಕಿಸಿದರೆ ಅನುವಾದಕಿಯವರ ಮನೆಗೆ ನ್ಯಾಯಾಂಗ ನಿಂದನೆಯ ನೋಟಿಸು ಬಂದೀತು. ‘ನಿಷ್ಕಾರಣವಾಗಿ ಹೊಡೆದ’, ‘ನಿಷ್ಕಾರಣ ಜಗಳ’ ಎನ್ನುವಲ್ಲಿ ಆ ಪದದ ಬಣ್ಣವೇನೆಂದು ಎಲ್ಲರಿಗೂ ಗೊತ್ತಿದೆ. ಅದು ಅನ್ಯಾಯವೆಂಬ ಆರೋಪವನ್ನು ಹೊತ್ತುಕೊಂಡೇ ಬರುತ್ತದೆ. ‘ಕಾರಣರಹಿತ’ವೂ ಅದರ ಸೌಮ್ಯವಾದ ತಮ್ಮನೇ. ಕಾರಣ ಇಲ್ಲದಿರುವುದು ಬೇರೆ, ಇದ್ದ ಕಾರಣವನ್ನು ಕಾಗದದ ಮೇಲೆ ಕಾಣಿಸದಿರುವುದು ಬೇರೆ. ಇಲ್ಲಿ ಬೇಕಾಗಿರುವುದು ಎರಡನೆಯದು. ಆದ್ದರಿಂದ ‘ಕಾರಣ ಕಾಣಿಸದ ಆದೇಶ’ ಎಂಬುದೇ ಸರಿ. ಹಿಂದೊಮ್ಮೆ ಯಾರೋ ‘ಮಾತನಾಡದ ಆದೇಶ’ ಎಂದು ಅನುವಾದಿಸಿದ್ದನ್ನೂ ನೋಡಿದ್ದೇನೆ. ಮಾತನಾಡುವ ಆದೇಶವನ್ನು ನನ್ನ ಸೇವಾವಧಿಯಲ್ಲಿ ನಾನು ಒಂದನ್ನೂ ಕಂಡಿಲ್ಲ.

ಈ ವ್ಯತ್ಯಾಸ ಪಂಡಿತರ ಹಟವಲ್ಲ, ಕಕ್ಷಿದಾರನ ಹಕ್ಕೇ ಅದರ ಮೇಲೆ ನಿಂತಿದೆ. ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದು ಇದನ್ನೇ, ಮತ್ತು ಅದಕ್ಕೆ ಆಧಾರವಾದದ್ದು 2000ದ ಕುಂಞಯಮ್ಮದ್ ತೀರ್ಪು. ಸಂವಿಧಾನದ 136ನೆಯ ವಿಧಿಯ ಕೆಳಗೆ ಮೇಲ್ಮನವಿ ಹೂಡಲು ವಿಶೇಷ ಅನುಮತಿ ಕೋರಿದ ಅರ್ಜಿಯನ್ನು ಕಾರಣ ಕಾಣಿಸದೆ ವಜಾ ಮಾಡಿದರೆ, ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ಆದೇಶದಲ್ಲಿ ವಿಲೀನವಾಗುವುದಿಲ್ಲ, ಹೈಕೋರ್ಟಿನ ತೀರ್ಪಾಗಿಯೇ ಉಳಿಯುತ್ತದೆ. ಅನುಮತಿ ಕೊಡಲಿಲ್ಲ ಎಂಬುದಷ್ಟೇ ಅದರ ಅರ್ಥ. ಪುನರ್ವಿಮರ್ಶೆ ಕೋರಿ ಹೈಕೋರ್ಟಿಗೆ ಮರಳುವ ದಾರಿ ತೆರೆದೇ ಇರುತ್ತದೆ. ಅಂಥ ಆದೇಶಕ್ಕೆ ‘ನಿಷ್ಕಾರಣ’ ಎಂದು ಹೆಸರಿಟ್ಟರೆ ಓದುವ ರೈತ ಅನ್ಯಾಯವಾಯಿತೆಂದು ಎದೆಯೊಡೆದುಕೊಳ್ಳುತ್ತಾನೆಯೇ ಹೊರತು ಇನ್ನೊಂದು ಬಾಗಿಲು ತೆರೆದಿದೆಯೆಂದು ತಿಳಿಯುವುದಿಲ್ಲ. (ಸುಪ್ರೀಂ ಕೋರ್ಟಿನ ಇಂಗ್ಲಿಷ್ ತೀರ್ಪಿನ ಶೀರ್ಷಿಕೆಯಲ್ಲಿ ‘ಸಹಕಾರ ಸಕ್ಕರೆ ಕಾರ್ಖಾನೆ’ ಎಂಬ ಹೆಸರು ಅನುವಾದವಾಗದೆ ಹಾಗೆಯೇ ಕುಳಿತಿರುವುದನ್ನು ಈ ಬಳಗದವರು ಒಮ್ಮೆ ನೋಡಿ ಸಂತೋಷಪಡಬೇಕು.)

ಇನ್ನು ‘ಸಂಕ್ಷಿಪ್ತ ವಜಾ’. ನೆರೆಮನೆಯ ಹಿರಿಯರ ಪ್ರಶ್ನೆಗೆ ನಾನು ನಗಲಾರೆ, ಏಕೆಂದರೆ ತಪ್ಪು ಅವರದಲ್ಲ. ಇಲ್ಲಿ ಚಿಕ್ಕದಾಗುವುದು ವಿಚಾರಣೆಯ ದಾರಿ, ಆದೇಶವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ (ಇಲ್ಲಿ ‘ಆದೇಶ’ವೆಂದರೆ ಸಂಹಿತೆಯ ಒಂದು ಅಧ್ಯಾಯ) 11ನೆಯ ನಿಯಮದಂತೆ ಮೇಲ್ಮನವಿದಾರರನ್ನಷ್ಟೇ ಕೇಳಿ, ಎದುರುದಾರರನ್ನು ಕರೆಸದೆಯೇ ವಜಾ ಮಾಡಬಹುದು. ಆದರೆ ಹಾಗೆ ಮಾಡುವುದು ಹೈಕೋರ್ಟಲ್ಲದ ನ್ಯಾಯಾಲಯವಾಗಿದ್ದರೆ ಅದು ಚಿಕ್ಕದಾಗಿಯಾದರೂ ಆಧಾರಗಳನ್ನು ಬರೆದು ತೀರ್ಪು ಕೊಡಬೇಕೆಂದು 1976ರ ತಿದ್ದುಪಡಿ ಹೇಳುತ್ತದೆ. ಕ್ರಿಮಿನಲ್ ಮೇಲ್ಮನವಿಯಲ್ಲೂ ಇದೇ ರೀತಿ: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 384ನೆಯ ಕಲಮು, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 425ನೆಯ ಕಲಮು, ಸೆಷನ್ಸ್ ನ್ಯಾಯಾಲಯ ಕಾರಣಗಳನ್ನು ದಾಖಲಿಸಬೇಕೆನ್ನುತ್ತದೆ. ಹೈಕೋರ್ಟಿಗೆ ಅಕ್ಷರಶಃ ವಿನಾಯಿತಿ ಇದ್ದರೂ, ಸಿವಿಲ್ ದಾವೆಯ ದ್ವಿತೀಯ ಮೇಲ್ಮನವಿಯನ್ನು (ಮೇಲ್ಮನವಿಯ ತೀರ್ಪಿನ ಮೇಲೆ ಮತ್ತೆ ಹೂಡುವ ಮೇಲ್ಮನವಿಯನ್ನು) ಮೊದಲ ಹಂತದಲ್ಲೇ ವಜಾ ಮಾಡುವಾಗ ಅದೂ ಕಾರಣ ಕಾಣಿಸಬೇಕೆಂದು ಸುಪ್ರೀಂ ಕೋರ್ಟು 2021ರ ಹಶ್ಮತ್ ಅಲಿ ಪ್ರಕರಣದಲ್ಲಿ ಹೇಳಿದೆ. ಹೀಗಿರುವಾಗ ‘ಸಂಕ್ಷಿಪ್ತ’ ಎಂದರೆ ಓದುಗರು ಒಂದು ಸಾಲಿನ ಆದೇಶವೆಂದೇ ತಿಳಿಯುತ್ತಾರೆ. ಲ್ಯಾಟಿನ್ ಮಾತಿನ ಮೂಲಾರ್ಥವೇ ಹೊಸ್ತಿಲಲ್ಲಿ ಎಂದು. ನಮ್ಮಲ್ಲಿ ಆ ಮಾತು ಸಿದ್ಧವಾಗಿಯೇ ಇದೆ: ‘ಹೊಸ್ತಿಲಲ್ಲೇ ವಜಾ’. ಕಚೇರಿಯ ಭಾಷೆ ಬೇಕೆಂದರೆ ‘ಅಂಗೀಕಾರದ ಹಂತದಲ್ಲೇ ವಜಾ’ ಎನ್ನಿ.

ತಲೆಬರಹ ಸುಲಭವಾಗಿ ಬಂತೆಂದಿದ್ದೀರಿ. ನನಗೆ ತೊಡಕು ಕಾಣುವುದು ಅಲ್ಲಿಯೇ. ‘ವಿವರವಾದ ಕಾರಣ’ ಎಂಬಲ್ಲಿ ಎರಡು ಬೇರೆ ಪ್ರಶ್ನೆಗಳು ಅಂಟಿಕೊಂಡಿವೆ. ಕಾರಣ ಕೊಡಬೇಕೇ ಎಂಬುದಕ್ಕೆ ಉತ್ತರ ಹೆಚ್ಚುಕಡಿಮೆ ಹೌದು. ವಿವರ ಕೊಡಬೇಕೇ ಎಂಬುದಕ್ಕೆ ಉತ್ತರ ಸಂದರ್ಭ ನೋಡಿ ಎಂದು. ಕೆಳಗಿನ ನ್ಯಾಯಾಲಯದ ಕಾರಣಗಳನ್ನು ಒಪ್ಪುವಾಗ ಸಾಕ್ಷ್ಯವನ್ನೆಲ್ಲ ಮತ್ತೆ ಬರೆಯಬೇಕಿಲ್ಲ, ಸಾಮಾನ್ಯ ಒಪ್ಪಿಗೆ ಸಾಕು ಎಂದು 1966ರ ಗಿರಿಜಾನಂದಿನಿ ದೇವಿ ತೀರ್ಪು ಹೇಳಿತು. ಆ ಒಪ್ಪಿಗೆಯು ಕರ್ತವ್ಯ ತಪ್ಪಿಸಿಕೊಳ್ಳುವ ಮರೆಯಾಗಬಾರದು ಎಂದು 2001ರ ಸಂತೋಷ್ ಹಜಾರಿ ತೀರ್ಪು ಅದಕ್ಕೆ ಕಡಿವಾಣ ಹಾಕಿತು. ಕೆಳಗಿನ ತೀರ್ಪನ್ನು ತಿರುಗಿಸುವಾಗಲಾದರೆ ಅದರ ಕಾರಣಗಳನ್ನು ಎದುರಿಸಿ, ತನ್ನವನ್ನು ಹೇಳಲೇಬೇಕು. ಹಾಗಾಗಿ ತಲೆಬರಹದಿಂದ ‘ವಿವರವಾದ’ ಎಂಬುದನ್ನು ತೆಗೆದು, ‘ಎಷ್ಟು ಕಾರಣ ಕಾಣಿಸಬೇಕು?’ ಎಂದು ಕೇಳುವುದು ಮೇಲು.

ಉತ್ತರ (ಶಿವಮೊಗ್ಗ)

ಇಷ್ಟೆಲ್ಲ ಬರೆದ ಹಿರಿಯರು ‘ವಜಾ’ ಎಂಬ ಪಾರಸಿ ಎಂಜಲನ್ನು ಮಾತ್ರ ಮುಟ್ಟದೆ ಬಿಟ್ಟಿರುವುದು ಸೋಜಿಗ. ‘ತಳ್ಳಿಹಾಕು’ ಎಂಬ ನಮ್ಮ ಮಾತು ಇರುವಾಗ ಅದು ಏಕೆ ಬೇಕು? ‘ಆದೇಶ’, ‘ಕಾರಣ’ ಎರಡೂ ಸಕ್ಕದದವು, ಅಂದರೆ ಸಂಸ್ಕೃತದವು. ಹಳಗನ್ನಡದ ‘ಕತ’ ಎಂಬ ಸೊಗಸಾದ ಪದಕ್ಕೆ ಕಾರಣವೆಂದೇ ಅರ್ಥ. ‘ಆ ಕತದಿಂ’ ಎಂಬ ಬಳಕೆಯನ್ನು ಓದಿದವರೆಲ್ಲ ಬಲ್ಲರು. ‘ತೀರ್ಪು’ ಅಂತೂ ‘ತೀರು’ ಎಂಬುದರ ಮೇಲೆ ‘ಪು’ ಸೇರಿ ಆದ ಅಚ್ಚ ದ್ರಾವಿಡ ಪದ, ತಮಿಳಿನಲ್ಲೂ ಇದೆ. ‘ಕತ ತೋರದ ತೀರ್ಪು’ ಎಂದರೆ ನಾಲಿಗೆಗೂ ಹಿತ, ಕಿವಿಗೂ ಹಿತ.

ಮರು ಉತ್ತರ (ಧಾರವಾಡ)

ಹಿತವೇನೋ ಹೌದು, ಆದರೆ ಅದು ತನ್ನನ್ನೇ ಅಲ್ಲಗಳೆಯುವ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೆಯ ಕಲಮಿನ 9ನೆಯ ಉಪಕಲಮನ್ನು ತೆರೆದು ನೋಡಿ: ಡಿಕ್ರಿಗೆ ಅಥವಾ ಆದೇಶಕ್ಕೆ ನ್ಯಾಯಾಧೀಶರು ಕೊಡುವ ಆಧಾರಗಳ ಹೇಳಿಕೆಯೇ ತೀರ್ಪು. ಕಾರಣವನ್ನು ಕಾಣಿಸಿದ್ದಕ್ಕೇ ಅದು ತೀರ್ಪು. ಕಾಣಿಸದಿದ್ದರೆ ಬರಿಯ ಆದೇಶ. ‘ತೀರು’ ಧಾತುವಿನ ಮೇಲೆ ತಮಗಿರುವ ಪ್ರೀತಿ ಕಾನೂನಿನ ಈ ಗೆರೆಯನ್ನು ಅಳಿಸಲಾರದು. ‘ಕತ’ವೂ ‘ಕೃತ’ದ ತದ್ಭವವೆನ್ನುವವರಿದ್ದಾರೆ, ಸಕ್ಕದದಿಂದ ಓಡಿಹೋದವರು ಸಕ್ಕದದ ಹಿತ್ತಲಿನಲ್ಲೇ ಸಿಕ್ಕಿಬಿದ್ದಂತಾಯಿತು.

‘ವಜಾ’ ಮೂಲತಃ ಅರಬ್ಬಿಯದು, ಪಾರಸಿ ಕಚೇರಿಗಳ ಮೂಲಕ ನಮಗೆ ಬಂದದ್ದು. ಸಂಬಳದಲ್ಲಿ ಮುಂಗಡವನ್ನು ವಜಾ ಮಾಡಿಕೊಂಡರು ಎನ್ನುವಾಗ ಇರುವ ‘ಕಳೆಯುವ’ ಅರ್ಥವೇ ಅದರ ಹಳೆಯ ಅರ್ಥ. ಅದರಲ್ಲಿ ಸಿಟ್ಟಿಲ್ಲ, ತಾತ್ಸಾರವಿಲ್ಲ. ಕಡತದಿಂದ ಕಳೆದರು, ಅಷ್ಟೇ. ‘ತಳ್ಳಿಹಾಕು’ ಎಂಬುದರಲ್ಲಿ ಕುತ್ತಿಗೆ ಹಿಡಿದು ದಬ್ಬಿದ ಸದ್ದು ಕೇಳಿಸುತ್ತದೆ. ಇನ್ನು ಯಾರಾದರೂ ‘ತಿರಸ್ಕರಿಸು’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಆ ಪದಕ್ಕೆ ಬೇರೆ ಕೆಲಸವಿದೆ. ಅದೇ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮದಂತೆ ದಾವೆ ಹೂಡುವ ವಾದಪತ್ರವನ್ನು ತಿರಸ್ಕರಿಸುತ್ತಾರೆ. ತಿರಸ್ಕೃತವಾದದ್ದರ ಬದಲು ಹೊಸ ವಾದಪತ್ರ ಹಾಕಲು 13ನೆಯ ನಿಯಮ ಅವಕಾಶ ಕೊಡುತ್ತದೆ. ವಜಾ ಆದ ಮೇಲ್ಮನವಿಗೆ ಆ ಸೌಲಭ್ಯವಿಲ್ಲ. ಎರವಲು ಪದವೆಂದು ‘ವಜಾ’ವನ್ನು ಹೊರಗಟ್ಟಿ ಅದರ ಜಾಗದಲ್ಲಿ ‘ತಿರಸ್ಕಾರ’ವನ್ನು ಕೂರಿಸಿದರೆ ಕಕ್ಷಿದಾರನಿಗೆ ಇಲ್ಲದ ಆಸೆ ಹುಟ್ಟಿಸಿದ ಹಾಗಾಗುತ್ತದೆ.

ಉತ್ತರ (ಮೈಸೂರು)

‘ಕಾಣಿಸದ’ ಎಂಬುದು ಸಕರ್ಮಕವೋ ಅಕರ್ಮಕವೋ ಎಂಬ ಸಂದಿಗ್ಧವನ್ನು ಯಾರೂ ಗಮನಿಸಲಿಲ್ಲ. ‘ಕಾರಣ ಕಾಣಿಸದ ಆದೇಶ’ವೆಂದರೆ ಓದಿದವನ ಕಣ್ಣಿಗೆ ಕಾರಣ ಬೀಳಲಿಲ್ಲವೆಂದೂ ಆಗುತ್ತದೆ, ಅಂದರೆ ಕನ್ನಡಕ ಬದಲಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ (ಹಾಸನ)

ಎಲ್ಲರಿಗೂ ವಂದನೆ. ಮೈಸೂರಿನವರ ಕೊನೆಯ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕಾಗಿ ಪಾಠದಲ್ಲಿ ‘ಕಾರಣ ಬರೆಯದ ಆದೇಶ’ ಎಂದು ಮಾಡಿದ್ದೇನೆ. ಬರೆಯಲಿಲ್ಲವೆಂದ ಮಾತ್ರಕ್ಕೆ ಇರಲಿಲ್ಲವೆಂದಾಗುವುದಿಲ್ಲ ಎಂಬ ಧಾರವಾಡದವರ ತಿರುಳೂ ಅದರಲ್ಲಿ ಉಳಿಯುತ್ತದೆ. ‘ವಜಾ’ವನ್ನು ಉಳಿಸಿಕೊಂಡಿದ್ದೇನೆ, ಶಿವಮೊಗ್ಗದವರು ಕ್ಷಮಿಸಬೇಕು. ಅಚ್ಚಿಗೆ ಹೋಗುವ ವಾಕ್ಯ ಹೀಗಿದೆ: ‘ನಿಮ್ಮ ಮೇಲ್ಮನವಿಯನ್ನು ಎದುರುದಾರರಿಗೆ ನೋಟಿಸು ಕಳುಹಿಸದೆ ಹೊಸ್ತಿಲಲ್ಲೇ ವಜಾ ಮಾಡಬಹುದು, ಹಾಗೆ ಮಾಡಿದಾಗಲೂ ಜಿಲ್ಲಾ ನ್ಯಾಯಾಲಯವು ತನ್ನ ಕಾರಣವನ್ನು ಚಿಕ್ಕದಾಗಿಯಾದರೂ ಬರೆಯಬೇಕು.’

ನೆರೆಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿದೆ. ಅವರು ಒಳಗೆ ಹೋಗಿ ಪ್ಲಾಸ್ಟಿಕ್ ಬಿಚ್ಚಿ, ಎರಡನೆಯ ಕೋರ್ಟಿನ ನಕಲನ್ನು ತಂದು, ಕಾರಣ ಎಲ್ಲಿ ಬರೆದಿದೆಯೆಂದು ತೋರಿಸಲು ಕೇಳಿದರು. ಮೂರನೆಯ ಪುಟದಲ್ಲಿತ್ತು, ನಾಲ್ಕು ಸಾಲು.

ಈ ನಡುವೆ ಕರಡು ತಿದ್ದುವವರು ‘ಹೊಸ್ತಿಲು’ ಎಂಬುದನ್ನು ‘ಹೊಸಿಲು’ ಎಂದು ತಿದ್ದಿ ಕಳುಹಿಸಿದ್ದಾರೆ. ಎರಡೂ ರೂಪಗಳು ಬಳಕೆಯಲ್ಲಿರುವುದರಿಂದ ನಾನು ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಇದರ ವಿಷಯವಾಗಿ ಸೋಮವಾರ ಮಧ್ಯಾಹ್ನದವರೆಗೆ ಬಳಗದ ಹಿರಿಯರು ಯಾರೂ ಬರೆಯಬಾರದೆಂದು ಕಳಕಳಿಯ ವಿನಂತಿ.